ಅಪ್‌ಡೇಟ್: ಪ್ಲೈವುಡ್ ದೋಣಿಯ ಎಪಾಕ್ಸಿ ಗುಳ್ಳಿ

ಆಲಮಟ್ಟಿ ಹಿನ್ನೀರಾಗ ಬಿಡೂ ದೋಣಿಗೆ ಎಪಾಕ್ಸಿ (ಎರಡು ದ್ರವ ಕಲಸಿ ಹಚ್ಚೂ ಗಟ್ಟಿ ಅಂಟು) ಹಚ್ಚಿದ್ರ ಗುಳ್ಳಿ ಯಾಕ ಏಳತಾವು ಅಂತ ಕೇಳಿದ್ದೆ. ಕಾರಣ ಬಾಗಲಕೋಟಿ ಬಿಸಲು ನೋಡ್ರಿ. ಮುಂಜಾನೆ ಹಚ್ಚಿದ್ರ, ಬಿಸಲೇರಿದಂಗ ಕಟ್ಟಿಗಿ ಒಳಗಿನ ಗಾಳಿ ಹಿಗ್ಗಿ ಹೊರಗ ಬರತೈತಿ. ಸಂಜಿಮುಂದ, ಹಲಗಿ ತಣ್ಣಗಾಗೂ ಹೊತ್ನ್ಯಾಗ ಹಚ್ಚಿದ್ರ ಅಂಟು ಒಳಗ ಇಳೀತೈತಿ. ಒಮ್ಮೆಗೆ 100 ಗ್ರಾಂ ಕಲಸಿದ್ರ ಸಾಕು. ಮಗ್ಗಿನ್ಯಾಗ ಬಿಟ್ರ ತಾನ ಕಾದು ಹೊಗಿ ಬಿಡತೈತಿ, ಅಗಲ ಟ್ರೇಕ್ಕ ಸುರವಿದ್ರ ಹೆಚ್ಚು ಹೊತ್ತು ತಡಿತೈತಿ.

ಪ್ಲೈ ಮ್ಯಾಲ ಐಎಸ್ 710 (ನೀರಾಗ ತಡಿಯೂ ಮರೈನ್ ಪ್ಲೈವುಡ್ಡಿನ ಭಾರತೀಯ ಮಾನಕ) ಮುದ್ರಿ ನೋಡೇ ತಗೋರಿ. ಐಎಸ್ 303 ಅಂದ್ರ ಸಾಮಾನ್ಯ ಬಳಕಿ ಪ್ಲೈ, ಇದಕ್ಕ ಬ್ಯಾಡ.

6 ಮಿ.ಮೀ. ಶೀಟ್ ಜೋಡಸಾಕ ತುದಿ 48 ಮಿ.ಮೀ. ಇಳಿಜಾರ ಹೆರೀಬೇಕು, ದಪ್ಪದ ಎಂಟು ಪಟ್ಟು. ಮೊದಲ ಬರೇ ಅಂಟು ಬಳೀರಿ, ಆಮ್ಯಾಲ ಕಟ್ಟಿಗಿ ಪುಡಿ ಕಲಸಿದ್ದು. ಇಲ್ಲಂದ್ರ ಕೊಯ್ದ ನಾರು ಅಂಟೆಲ್ಲಾ ಕುಡದು ಜೋಡು ಬಿಡತೈತಿ. ಕ್ಲ್ಯಾಂಪ್ ಭಾಳ ಬಿಗೀಬ್ಯಾಡ್ರಿ, ಅಂಟು ಹಿಂಡಿ ಹೊರಗ ಹೋಗತೈತಿ.