ದೊಗಲೆ ಜಾಕೆಟ್, ಬರೀ ಸೀದಾ ಹೆಣಿಗೆ: ಮಾಡಿದವರು ಏನಂತೀರಿ?

ಮಫ್ಲರ್, ಟೋಪಿ ಹೆಣೆದು ಅಭ್ಯಾಸವಿದೆ. ಈಗ ನನಗೇ ಒಂದು ದೊಗಲೆ ಜಾಕೆಟ್ ಹೆಣೆದುಕೊಳ್ಳುವ ಆಸೆ. ಪೂರ್ತಿ ಗಾರ್ಟರ್, ಅಂದರೆ ಎಲ್ಲ ಸಾಲೂ ಸೀದಾ ಕುಣಿಕೆ, ಉಲ್ಟಾ ಇಲ್ಲವೇ ಇಲ್ಲ. ಎದೆಯ ಸುತ್ತಳತೆ 92 ಸೆಂ.ಮೀ. ಎಷ್ಟು ಸಡಿಲ ಬಿಡಬೇಕು, ಎಷ್ಟು ದಾರ ಬೇಕು, ಜೋತು ಬೀಳದ ಹಾಗೆ ಏನು ಮಾಡಬೇಕು? ಅನುಭವ ಇದ್ದವರು ಹೇಳಿ.

* * *

ಜೋತು ಬೀಳುವ ಪ್ರಶ್ನೆಯನ್ನು ಕೊನೆಗೆ ಕೇಳಿದ್ದೀರಿ. ನಾನಾದರೆ ಅದನ್ನೇ ಮೊದಲು ಕೇಳುತ್ತಿದ್ದೆ.

ಗಾರ್ಟರ್ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು ಕೂತಿರುತ್ತವೆ. ಅದಕ್ಕೇ ಬಟ್ಟೆ ದಪ್ಪ, ಅಂಚು ಸುರುಳಿಯಾಗುವುದಿಲ್ಲ, ದಾರವೂ ಜಾಸ್ತಿ ತಿನ್ನುತ್ತದೆ. ಭಾರ ಬಿತ್ತೋ, ಆ ಒತ್ತು ಬಿಟ್ಟುಕೊಂಡು ಬಟ್ಟೆ ಉದ್ದಕ್ಕೆ ಇಳಿಯುತ್ತದೆ. ದೊಗಲೆ ಜಾಕೆಟ್‌ಗೆ ಅದರ ತೂಕವೇ ಸಾಕು.

ಹಾಗಾಗಿ ಸ್ಯಾಂಪಲ್ ತುಂಡು 15 ಸೆಂ.ಮೀ. ಚೌಕವಾದರೂ ಇರಲಿ. ತೊಳೆದು, ಮಲಗಿಸಿ ಒಣಗಿಸಿ ಅಳೆಯಿರಿ. ಆಮೇಲೆ ಮೇಲಂಚನ್ನು ಪಿನ್ನಿನಿಂದ ಸಿಕ್ಕಿಸಿ, ಕೆಳಂಚಿಗೆ ಬಟ್ಟೆ ಕ್ಲಿಪ್ ಹಾಕಿ ಒಂದು ರಾತ್ರಿ ನೇತು ಹಾಕಿ. ಮತ್ತೆ ಅಳೆಯಿರಿ. ಉದ್ದ ಎಷ್ಟು ಬೆಳೆಯಿತೋ ಆ ಪ್ರಮಾಣದಲ್ಲಿ ಜಾಕೆಟ್ ಉದ್ದವನ್ನು ಕಡಿಮೆ ಹೆಣೆಯಿರಿ. ಕೈಯಲ್ಲಿ ಹಿಡಿದಾಗ ಗಿಡ್ಡ ಅನ್ನಿಸುತ್ತದೆ. ಅನ್ನಿಸಲಿ ಬಿಡಿ.

ಹತ್ತಿ ದಾರ ಬೇಡ ಅಂತ ನನ್ನ ಅಭಿಪ್ರಾಯ. ಅದು ಭಾರ, ಎಳೆದರೆ ವಾಪಸ್ ಬರುವುದಿಲ್ಲ. ಉಣ್ಣೆ ಬರುತ್ತದೆ. ಕಡ್ಡಿಯೂ ಲೇಬಲ್ ಹೇಳಿದ್ದಕ್ಕಿಂತ ಒಂದು ಸೈಜ್ ಚಿಕ್ಕದಿರಲಿ. ಬಿಗಿ ಹೆಣಿಗೆ ಇಳಿಯುವುದು ಕಡಿಮೆ.

* * *

ಅಕ್ಕ ಹೇಳಿದ್ದು ಸರಿ. ಲೆಕ್ಕ ನಾನು ಹೇಳುತ್ತೇನೆ, ನನಗೆ ಹೆಣಿಗೆಗಿಂತ ಅದೇ ಇಷ್ಟ.

ದೊಗಲೆ ಅಂದರೆ 20ರಿಂದ 30 ಸೆಂ.ಮೀ. ಸಡಿಲ. 28 ಅಂತ ಇಟ್ಟುಕೊಳ್ಳಿ. 92ಕ್ಕೆ 28 ಸೇರಿ 120, ಬೆನ್ನಿನ ಅಗಲ 60. ಸ್ಯಾಂಪಲ್‌ನಲ್ಲಿ 10 ಸೆಂ.ಮೀ.ಗೆ 18 ಕುಣಿಕೆ ಬಂದರೆ 108 ಕುಣಿಕೆ ಹಾಕಿ. ಗಾರ್ಟರ್‌ನಲ್ಲಿ ಎರಡು ಸಾಲಿಗೆ ಒಂದು ಉಬ್ಬುಗೆರೆ. 10 ಸೆಂ.ಮೀ.ಗೆ ಕುಣಿಕೆ ಎಷ್ಟೋ ಉಬ್ಬುಗೆರೆಯೂ ಹೆಚ್ಚುಕಮ್ಮಿ ಅಷ್ಟೇ ಬರುತ್ತದೆ. ಸಾಲು ಎಣಿಸುತ್ತಾ ಕೂರಬೇಡಿ, ಉಬ್ಬುಗೆರೆ ಎಣಿಸಿ. ಹತ್ತಕ್ಕೊಂದು ಸೇಫ್ಟಿ ಪಿನ್ ಸಿಕ್ಕಿಸಿದರೆ ಮಧ್ಯೆ ಯಾರು ಮಾತಾಡಿಸಿದರೂ ಲೆಕ್ಕ ತಪ್ಪುವುದಿಲ್ಲ.

ತೋಳಿನಲ್ಲೇ ಎಲ್ಲರೂ ಎಡವುವುದು. ನಿಮ್ಮ ಭುಜ ಆ ತುದಿಯಿಂದ ಈ ತುದಿಗೆ 38 ಇದ್ದರೆ, 60 ಅಗಲದ ಬೆನ್ನು ಎರಡೂ ಕಡೆ 11 ಸೆಂ.ಮೀ. ತೋಳಿನ ಮೇಲೆ ಇಳಿಯುತ್ತದೆ. ಆ 11ನ್ನು ತೋಳಿನ ಉದ್ದದಲ್ಲಿ ಕಳೆಯಬೇಕು. ಭುಜದಿಂದ ಮಣಿಕಟ್ಟಿಗೆ 56 ಇದ್ದರೆ ತೋಳು 45 ಸಾಕು. ಪಕ್ಕದ ಅಂಚಿನಿಂದ ತೋಳಿಗೆ ಕುಣಿಕೆ ಎತ್ತುವಾಗ ಒಂದು ಉಬ್ಬುಗೆರೆಗೆ ಒಂದೇ ಕುಣಿಕೆ.

ದಾರಕ್ಕೆ ಸ್ಯಾಂಪಲ್ಲನ್ನೇ ತೂಗಿ. 15 ಸೆಂ.ಮೀ. ಚೌಕ ಅಂದರೆ 225 ಚದರ ಸೆಂ.ಮೀ. ಅದು 12 ಗ್ರಾಂ ಬಂತು ಅನ್ನಿ. ಬೆನ್ನು 60 ಉದ್ದ ಇಟ್ಟರೆ 3600, ಮುಂಭಾಗ ಎರಡೂ ಸೇರಿ 3600, ಸರಾಸರಿ 36 ಅಗಲದ ಎರಡು ತೋಳು 3240. ಒಟ್ಟು 10,440. ಅಂದರೆ ಸುಮಾರು 557 ಗ್ರಾಂ. ಕಾಲರ್, ಜೇಬು ಅಂತ ಸೇರಿಸಿ 650 ಗ್ರಾಂ ಒಟ್ಟಿಗೇ ತನ್ನಿ, ಎಲ್ಲ ಉಂಡೆಯ ಲೇಬಲ್ ಮೇಲೂ ಬಣ್ಣದ ಲಾಟ್ ನಂಬರ್, ಅಂದರೆ ಒಟ್ಟಿಗೇ ಬಣ್ಣ ಹಾಕಿದ ದಾರದ ಗುರುತು, ಒಂದೇ ಇರಲಿ.

* * *

ಅಡ್ಡಕ್ಕೆ ಹೆಣೆದರೆ ಹೇಗೆ? ಒಂದು ತೋಳಿನ ತುದಿಯಿಂದ ಶುರು ಮಾಡಿ ಇನ್ನೊಂದು ತೋಳಿನ ತುದಿವರೆಗೆ. ನಾನು ಹಾಗೇ ಮಾಡಿದ್ದು. ಉಬ್ಬುಗೆರೆ ಮೇಲಿನಿಂದ ಕೆಳಗೆ ಬರುತ್ತದೆ, ನೋಡಲು ಚೆಂದ. ಕೆಳಂಚು ಅಷ್ಟಾಗಿ ಇಳಿಯುವುದಿಲ್ಲ. ತೋಳು ಮಾತ್ರ ಸ್ವಲ್ಪ ಉದ್ದವಾಗುತ್ತದೆ, ಮಡಚಿಕೊಂಡರಾಯಿತು. ಉದ್ದನೆ ವೈರ್ ಇರುವ ಕಡ್ಡಿ ಬೇಕು. ಭಾರ ಮಡಿಲಲ್ಲಿ ಕೂರುತ್ತದೆ, ಮಣಿಕಟ್ಟು ನೋಯುವುದಿಲ್ಲ.

* * *

ಅಡ್ಡಕ್ಕೆ ಹೆಣೆದಿದ್ದು ಚೆಂದ ಹೌದು, ಆದರೆ ಮೊದಲ ಜಾಕೆಟ್‌ಗೆ ಬೇಡ. ಐದು ತುಂಡು ಬೇರೆ ಬೇರೆ ಹೆಣೆದು ಜೋಡಿಸಿ. ಭಾರವನ್ನು ಹೊರುವುದು ಭುಜದ ಮತ್ತು ಪಕ್ಕದ ಜೋಡಣೆಯೇ. ಭುಜದ ಕುಣಿಕೆಗಳನ್ನು ಮೊದಲು ಮುಚ್ಚಿ, ಆಮೇಲೆ ಬಿಗಿಯಾಗಿ ಹೊಲಿಯಿರಿ. ಹಿಂಗತ್ತಿನ ಒಳಗೆ ಒಂದು ಸಣ್ಣ ಕಾಟನ್ ಟೇಪ್ ಹೊಲಿದರೆ ಕತ್ತು ಅಗಲವಾಗುವುದಿಲ್ಲ.

ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ದಾಟಿಸಿ ಅಂತ ಎಲ್ಲರೂ ಹೇಳುತ್ತಾರೆ ಅಲ್ವಾ? ಮುಂದಿನ ತೆರೆದ ಅಂಚಿಗೆ ಸರಿ. ಹೊಲಿಯುವ ಅಂಚಿಗೆ ಬೇಡ, ಅಲ್ಲಿ ಸಡಿಲವಾಗಿ ಕಿಂಡಿ ಕಾಣುತ್ತದೆ.

* * *

ಮುಗಿದ ಮೇಲೆ ಹ್ಯಾಂಗರ್‌ಗೆ ಮಾತ್ರ ಹಾಕಬೇಡಿ. ತೊಳೆದಾಗ ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಮಲಗಿಸಿ ಒಣಗಿಸಿ. ಜೇಬು ಇಡುವುದಾದರೆ ಸಣ್ಣದಿಡಿ. ಫೋನ್ ಹಾಕಿದ ಕಡೆ ಜಾಕೆಟ್ ಒಂದು ಬದಿ ಇಳಿಯುತ್ತದೆ.