ಮಾಂಡರಿನ್ ಮೀನು ಏನೂ ತಿನ್ನುತ್ತಿಲ್ಲ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಇವತ್ತು 10 ಗಂಟೆಯಿಂದ ನಮ್ಮ ಮೀನು ಡಾಕ್ಟರು ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಮೀನುಗಾರಿಕೆ ವಿಜ್ಞಾನ ಓದಿದವರು, ಮೀನಿನ ರೋಗ ನೋಡುವುದೇ ಅವರ ಕೆಲಸ. ಉಪ್ಪುನೀರಿನ ಟ್ಯಾಂಕ್ ಬಗ್ಗೆ ಮಾತ್ರ ಕೇಳಿ. ಎಷ್ಟು ಲೀಟರ್, ಎಷ್ಟು ತಿಂಗಳು ಹಳೆಯದು, ಉಪ್ಪಿನಂಶ ಎಷ್ಟು, ಒಳಗೆ ಯಾರ್ಯಾರಿದ್ದಾರೆ, ಇಷ್ಟನ್ನೂ ಬರೆಯಿರಿ. ಗುಡ್ ಮಾರ್ನಿಂಗ್ ಹೂವಿನ ಫೋಟೊ ಬೇಡ.

ಮೈಸೂರು 120 ಲೀಟರ್: ಡಾಕ್ಟರೇ, ಮಗಳ ಹುಟ್ಟುಹಬ್ಬಕ್ಕೆ ಒಂದು ಮಾಂಡರಿನ್ ತಂದು ಐದು ವಾರ ಆಯಿತು. ಟ್ಯಾಂಕ್ ಶುರು ಮಾಡಿ ಮೂರು ತಿಂಗಳು. ಉಪ್ಪಿನಂಶ 1.025 (ನೀರಿನ ಸಾಂದ್ರತೆಯ ಅಳತೆ), 26 ಡಿಗ್ರಿ, ಅಮೋನಿಯಾ ಸೊನ್ನೆ. ಜೊತೆಗೆ ಎರಡು ಕ್ಲೌನ್ ಮೀನು, ಒಂದು ಸಿಕ್ಸ್‌ಲೈನ್ ರಾಸ್ ಮೀನು. ಇದು ತಳದಲ್ಲಿ ಉಳಿದದ್ದನ್ನು ತಿಂದುಕೊಂಡು ಇರುತ್ತೆ, ನೀವೇನೂ ಮಾಡಬೇಕಿಲ್ಲ ಅಂತ ಅಂಗಡಿಯವರು ಹೇಳಿದ್ದರು. ಈಗ ನೋಡಿದರೆ ಪೆಲೆಟ್ (ಒಣ ಗುಳಿಗೆ ಆಹಾರ) ಬಾಯಿಯ ಮುಂದೆಯೇ ಬಿದ್ದರೂ ತಿರುಗಿ ನೋಡುವುದಿಲ್ಲ. ಬಣ್ಣ ಮಾತ್ರ ಮೊದಲ ದಿನದ ಹಾಗೇ ಇದೆ. ಯಾವ ಔಷಧಿ ಹಾಕಲಿ?

ಮೀನು ಡಾಕ್ಟರ್: ಔಷಧಿ ಹಾಕಬೇಡಿ ಮೇಡಂ. ನಿಮ್ಮ ಫೋಟೊ ಪಕ್ಕದಿಂದ ತೆಗೆದದ್ದು. ಮೇಲಿಂದ ಒಂದು, ಮುಂದಿನಿಂದ ಒಂದು ಬೇಕು. ಒಳಗಿನ ಕಲ್ಲು, ಅಂದರೆ ರಾಕ್, ಹೊಸದಾ, ಹಳೇ ಟ್ಯಾಂಕಿಂದ ಬಂದದ್ದಾ?

ಬಾಗಲಗುಂಟೆ ಕ್ಲೌನ್: ಸರ್, ನನ್ನ ಕ್ಲೌನ್ ಮೈಮೇಲೆ ರವೆ ಚೆಲ್ಲಿದ ಹಾಗೆ ಬಿಳಿ ಚುಕ್ಕೆ. ಉಪ್ಪು ಹಾಕಿದರೆ ಹೋಗುತ್ತಾ?

ಮೀನು ಡಾಕ್ಟರ್: ಒಂದು ಲೀಟರ್‌ಗೆ 35 ಗ್ರಾಂ ಉಪ್ಪಿರುವ ನೀರಲ್ಲೇ ಆ ಚುಕ್ಕೆ ಮಾಡುವ ಹುಳ ಹುಟ್ಟಿ ಬೆಳೆದಿದೆ. ಇನ್ನೆಷ್ಟು ಹಾಕುತ್ತೀರಿ? ಮೀನುಗಳನ್ನೆಲ್ಲ ಬೇರೆ ತೊಟ್ಟಿಗೆ ಹಾಕಿ. ಅಲ್ಲಿ ತಾಮ್ರದ ಔಷಧಿ, ಬಾಟಲಿ ಮೇಲೆ ಬರೆದಷ್ಟು, ದಿನಾ ಟೆಸ್ಟ್ ಕಿಟ್‌ನಲ್ಲಿ ಅಳೆದು 30 ದಿನ. ದೊಡ್ಡ ಟ್ಯಾಂಕಿನಲ್ಲಿ 76 ದಿನ ಒಂದು ಮೀನೂ ಇರಬಾರದು.

ಬಾಗಲಗುಂಟೆ ಕ್ಲೌನ್: 76 ದಿನಾನಾ??

ಮೀನು ಡಾಕ್ಟರ್: ಹೌದು.

ಮೈಸೂರು 120 ಲೀಟರ್: ಎರಡು ಫೋಟೊ ಹಾಕಿದ್ದೀನಿ ನೋಡಿ. ರಾಕ್ ಎಲ್ಲ ಒಣಗಿದ್ದು, ಹೊಸದು.

ಹಸಿರು ಮನೆ: *ಫಾರ್ವರ್ಡ್ ಆದ ಸಂದೇಶ* ಮೀನು ಊಟ ಬಿಟ್ಟರೆ ಹೆದರಬೇಡಿ! ಒಂದು ಚಮಚ ಅರಿಶಿನ, ನಾಲ್ಕು ಬೇವಿನ ಎಲೆ, ಎರಡು ಎಸಳು ಬೆಳ್ಳುಳ್ಳಿ ಅರೆದು ಟ್ಯಾಂಕಿಗೆ ಹಾಕಿ. ಬಿಳಿ ಚುಕ್ಕೆ, ಕೊಳೆ ರೋಗ, ಹಸಿವಿಲ್ಲದಿರುವುದು ಎಲ್ಲವೂ 3 ದಿನದಲ್ಲಿ ಮಾಯ. ಎಲ್ಲ ಮೀನು ಪ್ರಿಯರಿಗೂ ಕಳುಹಿಸಿ 🙏

ಮೀನು ಡಾಕ್ಟರ್: ಯಾರೂ ಇದನ್ನು ಮಾಡಬೇಡಿ. ಉತ್ತರ ಟೈಪ್ ಮಾಡುತ್ತಿದ್ದೇನೆ, ಉದ್ದ ಇದೆ.

ಕುಂದಾಪುರ ನ್ಯಾನೊ: ಡಾಕ್ಟರೇ, 60 ಲೀಟರ್‌ಗೆ ಯಾವ ಲೈಟ್ ಒಳ್ಳೆಯದು?

ಮೀನು ಡಾಕ್ಟರ್: ಮೈಸೂರು ಮೇಡಂ, ಇದು ನಿಮಗೆ. ನಿಮ್ಮ ಮೀನಿಗೆ ಕಾಯಿಲೆ ಇಲ್ಲ. ಹಸಿವು. ಮೇಲಿನಿಂದ ತೆಗೆದ ಫೋಟೊದಲ್ಲಿ ತಲೆ ಅಗಲ, ಅದರ ಹಿಂದೆ ಮೈ ಕಿರಿದಾಗಿದೆ. ಮುಂದಿನ ಫೋಟೊದಲ್ಲಿ ಹೊಟ್ಟೆ ಒಳಗೆ ಹೋಗಿದೆ, ಬೆನ್ನುಮೂಳೆಯ ಎರಡೂ ಕಡೆ ಕುಳಿ ಬಿದ್ದಿದೆ. ಬಣ್ಣ ಚೆನ್ನಾಗಿದೆ ಅಂದಿರಲ್ಲ, ಈ ಮೀನಿನಲ್ಲಿ ಬಣ್ಣ ನೋಡಿ ಸಮಾಧಾನ ಪಡಬೇಡಿ. ನೀಲಿ ಮೀನುಗಳಲ್ಲಿ ಹೆಚ್ಚಿನವು ನಿಜವಾಗಿ ನೀಲಿ ಅಲ್ಲ, ಚರ್ಮದೊಳಗಿನ ಸಣ್ಣ ಹರಳುಗಳು ಬೆಳಕನ್ನು ಹಾಗೆ ತಿರುಗಿಸುತ್ತವೆ ಅಷ್ಟೆ. ಮಾಂಡರಿನ್‌ಗೆ ನೀಲಿ ಬಣ್ಣದ ಜೀವಕೋಶಗಳೇ ಇವೆ. ಸಾಯುವ ವಾರದಲ್ಲೂ ಸೀರೆ ಅಂಗಡಿಯ ಗೊಂಬೆ ಹಾಗೆ ಕಾಣುವ ಮಾಂಡರಿನ್‌ಗಳನ್ನು ನಾನು ನೋಡಿದ್ದೇನೆ.

ಇದು ಪಶ್ಚಿಮ ಪೆಸಿಫಿಕ್‌ನ ಹವಳದ ಸಂದಿಗಳಲ್ಲಿ ಇರುವ ಮೀನು. ಬೆಳಿಗ್ಗೆಯಿಂದ ಸಂಜೆವರೆಗೆ ಕಲ್ಲಿನ ಮೇಲಿರುವ ಕೊಪೆಪಾಡ್, ಅಂದರೆ ಸಾಸಿವೆಗಿಂತ ಸಣ್ಣ ಹುಳುಗಳನ್ನು, ಒಂದೊಂದಾಗಿ ಹೆಕ್ಕುವುದೇ ಅದರ ಕೆಲಸ. ಕೋಳಿ ಅಂಗಳದಲ್ಲಿ ಕೆದಕಿ ತಿನ್ನುವ ಹಾಗೆ. ನೀವು ದಿನಕ್ಕೆ ಎರಡು ಸಲ ಪೆಲೆಟ್ ಹಾಕಿದರೆ ಅದು ಊಟ ಅಂತಲೇ ಅದಕ್ಕೆ ಗೊತ್ತಾಗುವುದಿಲ್ಲ. ಒಣ ರಾಕ್‌ನಲ್ಲಿ ಪಾಡ್ ಬರುವುದಿಲ್ಲ, ಮೂರು ತಿಂಗಳಲ್ಲಿ ಹುಟ್ಟಿಕೊಂಡ ನಾಲ್ಕನ್ನು ನಿಮ್ಮ ರಾಸ್ ಮೊದಲೇ ತಿಂದು ಮುಗಿಸಿರುತ್ತದೆ. ಅದೂ ಅದನ್ನೇ ತಿನ್ನುವುದು. ಒಂದು ಮಾಂಡರಿನ್‌ಗೆ ಒಂದು ವರ್ಷ ಹಳೆಯದಾದ, 200 ಲೀಟರ್‌ಗಿಂತ ದೊಡ್ಡ ಟ್ಯಾಂಕ್ ಇರಬೇಕು. ಅದನ್ನು ನಿಮಗೆ ಅಂಗಡಿಯಲ್ಲೇ ಹೇಳಬೇಕಿತ್ತು.

ಈಗ ಮಾಡುವುದು ಇಷ್ಟು. ಇವತ್ತೇ ಮೀನನ್ನು ಬಲೆಯ ಬ್ರೀಡಿಂಗ್ ಬಾಕ್ಸ್‌ಗೆ ಹಾಕಿ, ಅದೇ ಟ್ಯಾಂಕಿನೊಳಗೆ ತೇಲಿಬಿಡಿ. ಒಂದು ಬಾಟಲಿಯಲ್ಲಿ ಟ್ಯಾಂಕಿನ ನೀರು ತುಂಬಿ, ಜೋರಾಗಿ ಗಾಳಿ ಬಿಟ್ಟು, ಆರ್ಟೀಮಿಯಾ (ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿ) ಮೊಟ್ಟೆ ಹಾಕಿ. 26–28 ಡಿಗ್ರಿ ಇದ್ದರೆ ಸುಮಾರು 24 ಗಂಟೆಗೆ ಮರಿ ಬರುತ್ತವೆ. ಗಾಳಿ ನಿಲ್ಲಿಸಿ, ಕೆಳಗೆ ದೀಪ ಇಡಿ. ಮರಿಗಳು ಬೆಳಕಿಗೆ ಬರುತ್ತವೆ, ಸಿಪ್ಪೆ ಮೇಲೆ ತೇಲುತ್ತೆ. ಸಿಪ್ಪೆ ಬೇಡ, ಹೊಟ್ಟೆಯಲ್ಲಿ ಸಿಕ್ಕಿಕೊಳ್ಳುತ್ತೆ. ಹುಟ್ಟಿದ ಕೂಡಲೇ ಕೊಡಿ, ಅರ್ಧ ದಿನ ಬಿಟ್ಟರೆ ಮರಿ ತನ್ನೊಳಗಿನ ಸಾರವನ್ನೆಲ್ಲ ತಾನೇ ತಿಂದಿರುತ್ತೆ, ಖಾಲಿ ಡಬ್ಬಿ ಕೊಟ್ಟ ಹಾಗೆ. ದಿನಕ್ಕೆ ಐದು ಸಲ, ಸ್ವಲ್ಪ ಸ್ವಲ್ಪ. ಕೊಡುವಾಗ ಪಂಪ್ ಆಫ್. ಜೊತೆಗೆ ಜೀವಂತ ಪಾಡ್ ಬಾಟಲಿ ಎಲ್ಲಿ ಸಿಕ್ಕರೂ ತರಿಸಿ, ಆರ್ಟೀಮಿಯಾ ಮರಿ ಬರೀ ತುರ್ತಿಗೆ. ರಾಸ್‌ನ ಯಾರಿಗಾದರೂ ಕೊಟ್ಟುಬಿಡಿ.

ಇನ್ನು ಔಷಧಿ ಯಾಕೆ ಬೇಡ ಅಂದೆ: ತಾಮ್ರ ಹಾಕಿದರೆ ಉಳಿದಿರುವ ಪಾಡ್‌ಗಳೂ ಸಾಯುತ್ತವೆ. ಹಸಿದವನ ತಟ್ಟೆಗೇ ವಿಷ ಹಾಕಿದ ಹಾಗೆ ಆಗುತ್ತೆ.

ಮೈಸೂರು 120 ಲೀಟರ್: ತುಂಬಾ ಥ್ಯಾಂಕ್ಸ್ ಡಾಕ್ಟರೇ. ಬದುಕುತ್ತಾ?

ಮೀನು ಡಾಕ್ಟರ್: ಆರ್ಟೀಮಿಯಾ ಕುಕ್ಕಿದರೆ ಆಸೆ ಇದೆ. ಕುಕ್ಕದಿದ್ದರೆ ಕಷ್ಟ.

ನ್ಯೂಜೆರ್ಸಿ ರೀಫ್: ಇಲ್ಲಿ ತೊಟ್ಟಿಯಲ್ಲೇ ಮರಿ ಮಾಡಿಸಿದ ಮಾಂಡರಿನ್ ಸಿಗುತ್ತೆ. ನನ್ನದು ಪೆಲೆಟ್ ತಿನ್ನುತ್ತೆ. ಹಾಗಾಗಿ ಪೆಲೆಟ್ ತಿನ್ನಲ್ಲ ಅನ್ನೋದು ಹಳೇ ಮಾತು ಸರ್.

ಮೀನು ಡಾಕ್ಟರ್: ಮರಿಯಿಂದ ಪೆಲೆಟ್ ಅಭ್ಯಾಸ ಮಾಡಿಸಿದ್ದರೆ ಸರಿ. ಇವರದು ಸಮುದ್ರದಿಂದ ಹಿಡಿದು ತಂದದ್ದು.

ಹಸಿರು ಮನೆ: ಡಾಕ್ಟರೇ, ಅರಿಶಿನ ಯಾಕೆ ಬೇಡ? ನಮ್ಮ ಪೂರ್ವಜರು ಗಾಯಕ್ಕೆ ಅದನ್ನೇ ಹಚ್ಚುತ್ತಿದ್ದರು. ನನ್ನ ಭಾವನ ಮನೆಯಲ್ಲಿ ಚುಕ್ಕೆ ಮೂರೇ ದಿನದಲ್ಲಿ ಹೋಯಿತು.

ಮೀನು ಡಾಕ್ಟರ್: ನಿಮ್ಮ ಪೂರ್ವಜರು ಬೈಠಕ್‌ಖಾನೆಯಲ್ಲಿ ಕ್ಲೌನ್ ಸಾಕಿರಲಿಲ್ಲ. ಚುಕ್ಕೆ ಏನೂ ಹಾಕದೆ ಇದ್ದರೂ 3ರಿಂದ 7 ದಿನದಲ್ಲಿ ಹೋಗುತ್ತೆ. ಆ ಹುಳ ಮೀನಿನ ಮೈಮೇಲೆ ಇರುವುದೇ ಅಷ್ಟು ದಿನ. ಆಮೇಲೆ ಉದುರಿ ಮರಳಿಗೆ ಹೋಗಿ, ಗೂಡು ಕಟ್ಟಿ, ಒಂದು ನೂರಾರಾಗಿ ವಾಪಸ್ ಬರುತ್ತೆ. ಆ ಮಧ್ಯದ ದಿನಗಳಲ್ಲಿ ನೀವು ಅರಿಶಿನ ಹಾಕಿ, ಬೆಳ್ಳುಳ್ಳಿ ಹಾಕಿ, ಮಂತ್ರ ಹೇಳಿ, ಎಲ್ಲವೂ ಕೆಲಸ ಮಾಡಿದ ಹಾಗೇ ಕಾಣುತ್ತೆ. ಇಂಥ ಫಾರ್ವರ್ಡ್‌ಗಳು ಬದುಕಿರುವುದೇ ಇದರಿಂದ. ಮೂರು ವಾರ ಆದ ಮೇಲೆ ಭಾವನ ಮನೆಗೆ ಹೋಗಿ ನೋಡಿ.

ಹಸಿರು ಮನೆ: ಸಹಾಯ ಮಾಡೋಣ ಅಂತ ಹಾಕಿದೆ. ಇಷ್ಟು ಕೋಪ ಯಾಕೆ?

ತುಮಕೂರು ಟ್ಯಾಂಗ್: ಸರ್, ಮೀನಿನ ಮೈಮೇಲೆ ಬಿಳಿ ಚುಕ್ಕೆ, ಏನು ಮಾಡಬೇಕು?

ಮೀನು ಡಾಕ್ಟರ್: ಮೇಲೆ ಓದಿ.

ಕಡಲ ನೀರು: ಮೈಸೂರು ಮೇಡಂ, ನಿಮ್ಮ ಉಪ್ಪಿನ ಪುಡಿಯೇ ಸಮಸ್ಯೆ ಮಾರಾಯ್ರೆ. ನಾನು ಮಂಗಳೂರಲ್ಲಿ 6 ವರ್ಷದಿಂದ ಸಮುದ್ರದ ನೀರೇ ಹಾಕುವುದು. ಪಾಡ್ ಅದರಲ್ಲೇ ಬರ್ತದೆ, ದುಡ್ಡೂ ಇಲ್ಲ.

ಆರ್‌ಓ ಭಕ್ತ: ಬಂದರಿನ ಪಕ್ಕದ ನೀರು ತಂದು ಹಾಕೋದು, ಆಮೇಲೆ ಡೀಸೆಲ್ ವಾಸನೆ ಅಂತ ಇಲ್ಲಿ ಬಂದು ಅಳೋದು. ಆರ್‌ಓ ನೀರು, ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಸೊನ್ನೆ, ಒಳ್ಳೇ ಉಪ್ಪು. ಬೇರೆ ದಾರಿ ಇಲ್ಲ.

ಕಡಲ ನೀರು: ಪಣಂಬೂರು ದಡದಿಂದ ತರುವುದು ಅಂತ ಯಾರು ಹೇಳಿದ್ದು? ಬೋಟಿನವರು ಆಚೆ ಆಳದಿಂದ ಕ್ಯಾನ್‌ನಲ್ಲಿ ತಂದು ಕೊಡ್ತಾರೆ.

ಆರ್‌ಓ ಭಕ್ತ: ಜೂನ್ 1ರಿಂದ ಜುಲೈ 31 ಬೋಟ್ ಬಂದ್. ಆಗ ಯಾರು ತರ್ತಾರೆ, ನಿಮ್ಮ ಮಾವನಾ?

ಕಡಲ ನೀರು: ನಾಡದೋಣಿ ಹೋಗ್ತದೆ. ಗೊತ್ತಿಲ್ಲದಿದ್ದರೆ ಸುಮ್ಮನಿರಿ. ಬೆಂಗಳೂರಲ್ಲಿ ಕೂತು ಸಮುದ್ರದ ಪಾಠ ಮಾಡಬೇಡಿ.

ಆರ್‌ಓ ಭಕ್ತ: ಸಮುದ್ರ ಪಕ್ಕದಲ್ಲಿದ್ದವರೆಲ್ಲ ಮೀನು ಸಾಕಲ್ಲ, ಸಾರು ಮಾಡ್ತಾರೆ.

ಕಡಲ ನೀರು: ಅಡ್ಮಿನ್, ಇದನ್ನು ನೋಡ್ತಾ ಇದ್ದೀರಾ?

ಮೀನು ಡಾಕ್ಟರ್: ಇಬ್ಬರದೂ ಅರ್ಧ ಸರಿ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆಯ ಸಿಹಿನೀರು ಕಡಲಿಗೆ ಬಂದು ಮೇಲಿನ ಪದರದ ಉಪ್ಪು ಇಳಿದಿರುತ್ತೆ. ಅಳೆಯದೆ ಹಾಕಬೇಡಿ. ಇನ್ನು ಮನೆ ಆರ್‌ಓ ಯಂತ್ರದಲ್ಲಿ ರುಚಿಗೆ ಅಂತ ಖನಿಜ ಸೇರಿಸಿಬಿಡುವ ಭಾಗ ಇರುತ್ತೆ, ಆ ನೀರಿನ ಟಿಡಿಎಸ್ ಸೊನ್ನೆ ಬರುವುದಿಲ್ಲ. ಜಗಳ ಬೇರೆ ಕಡೆ ಆಡಿ.

ಹಾಸನ ಹೊಸಬ: ಸರ್, ಟ್ಯಾಂಕಿನ ನೀರು ದಿನಾ ಕಮ್ಮಿ ಆಗುತ್ತೆ. ಉಪ್ಪುನೀರು ತುಂಬಿಸ್ತಾ ಇದ್ದೀನಿ. ಈಗ ಉಪ್ಪಿನಂಶ 1.031.

ಮೀನು ಡಾಕ್ಟರ್: ಆರುವುದು ನೀರು. ಉಪ್ಪು ಅಲ್ಲೇ ಇರುತ್ತೆ. ಸಿಹಿನೀರು ತುಂಬಿ. ಒಂದೇ ದಿನ ಇಳಿಸಬೇಡಿ, ನಾಲ್ಕೈದು ದಿನದಲ್ಲಿ.

ಶಿರಸಿ ಮೀನು ಮನೆ: ಮನೆಯಲ್ಲಿ ಸಮುದ್ರ ಕುದುರೆ ಸಾಕಬಹುದಾ? ಒಬ್ಬರು ಕೊಡ್ತೀನಿ ಅಂದಿದ್ದಾರೆ.

ಮೀನು ಡಾಕ್ಟರ್: ಬೇಡ. ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 2001ರಲ್ಲೇ ಹುಲಿ ಇರುವ ಪಟ್ಟಿಗೆ ಅದನ್ನೂ ಸೇರಿಸಿದ್ದಾರೆ. ಗಟ್ಟಿ ಹವಳವೂ ಅಷ್ಟೇ. ಕೊಡುವವರ ಹತ್ತಿರ ಇರುವುದೇ ತಪ್ಪು.

ಆರ್‌ಓ ಭಕ್ತ: ಒಂದು ಮಾತು ಹೇಳಲಾ? ಮೂರು ತಿಂಗಳ ಟ್ಯಾಂಕಿಗೆ ಮಾಂಡರಿನ್ ತಂದದ್ದೇ ತಪ್ಪು. ಓದದೆ ತಂದು, ಮೀನನ್ನು ಉಪವಾಸ ಕೆಡವಿ, ಆಮೇಲೆ ಡಾಕ್ಟರ್ ಬೇಕು.

ಮೈಸೂರು 120 ಲೀಟರ್: ನನಗೆ ಗೊತ್ತಿರಲಿಲ್ಲ. ಅಂಗಡಿಯವರನ್ನು ಎರಡು ಸಲ ಕೇಳಿದ್ದೆ.

ನ್ಯೂಜೆರ್ಸಿ ರೀಫ್: ಗೂಗಲ್ ಇಲ್ವಾ ಮೈಸೂರಲ್ಲಿ?

ಮೀನು ಡಾಕ್ಟರ್: ಆರ್‌ಓ ಸಾಹೇಬರೇ, ಎರಡು ವರ್ಷದ ಹಿಂದೆ ಇದೇ ಗುಂಪಲ್ಲಿ ನೀವು ಮೂರು ದಿನದಲ್ಲಿ ಐದು ಮೀನು ಕಳೆದುಕೊಂಡು ನನಗೆ ರಾತ್ರಿ 1 ಗಂಟೆಗೆ ಮೆಸೇಜ್ ಮಾಡಿದ್ದಿರಿ. ಅವತ್ತು ಓದಿದ್ರಾ ಅಂತ ನಾನು ಕೇಳಲಿಲ್ಲ.

ಆರ್‌ಓ ಭಕ್ತ: 👍

ದಾವಣಗೆರೆ ಡ್ಯಾಮ್ಸೆಲ್: ಸರ್ ಬಿಳಿ ಚುಕ್ಕೆಗೆ ತಾಮ್ರ ದೊಡ್ಡ ಟ್ಯಾಂಕಿಗೇ ಹಾಕಬಹುದಾ? ಸೀಗಡಿ ಒಂದೇ ಇರೋದು.

ಮೀನು ಡಾಕ್ಟರ್: ಸೀಗಡಿ ಸಾಯುತ್ತೆ. ಮೇಲೆ ಓದಿ ಅಂತ ಇದು ಕೊನೆಯ ಸಲ ಹೇಳುವುದು.

ಕುಂದಾಪುರ ನ್ಯಾನೊ: ಡಾಕ್ಟರೇ, ಲೈಟ್ ಬಗ್ಗೆ ಕೇಳಿದ್ದೆ.

ಹಸಿರು ಮನೆ: *ಫಾರ್ವರ್ಡ್ ಆದ ಸಂದೇಶ* ಮೀನಿನ ತೊಟ್ಟಿಯ ನೀರು ಹಸಿರಾಗಿದೆಯೇ? ಒಂದು ತುಂಡು ತಾಮ್ರದ ತಂತಿ...

ಅಡ್ಮಿನ್: ಹಸಿರು ಮನೆಯವರನ್ನು ನಾಳೆವರೆಗೆ ಮ್ಯೂಟ್ ಮಾಡಲಾಗಿದೆ. ಡಾಕ್ಟರು ಊಟಕ್ಕೆ ಹೋಗಿದ್ದಾರೆ. ಇವತ್ತಿನ ಪ್ರಶ್ನೆಗಳು ಸಾಕು.

ಮೈಸೂರು 120 ಲೀಟರ್: ತೊಂದರೆ ಕೊಡುತ್ತಿದ್ದೇನೆ, ಕ್ಷಮಿಸಿ. ಆರ್ಟೀಮಿಯಾ ಮೊಟ್ಟೆ ಸಿಕ್ಕಿತು, ಬಾಟಲಿ ಇಟ್ಟಿದ್ದೇನೆ. ಅದು ಆಗುವವರೆಗೆ ಇಲ್ಲೇ ಒಬ್ಬರು ತಮ್ಮ ಹಳೇ ಟ್ಯಾಂಕಿನ ಸ್ಪಂಜು ಕೊಟ್ಟರು, ಹಿಂಡಿದರೆ ತುಂಬಾ ಪಾಡ್ ಬಂತು. ಬಾಕ್ಸ್‌ಗೆ ಹಾಕಿದೆ. ಹತ್ತು ನಿಮಿಷ ಸುಮ್ನೆ ಇತ್ತು. ಆಮೇಲೆ ಕುಕ್ಕಿತು! ಮಗಳು ಎಣಿಸಿದಳು, ಹನ್ನೊಂದು ಸಲ.

ಮೀನು ಡಾಕ್ಟರ್: ಒಳ್ಳೇದು. ಸ್ಪಂಜು ಕೊಟ್ಟವರ ಟ್ಯಾಂಕಿನಲ್ಲಿ ಇತ್ತೀಚೆಗೆ ರೋಗ ಬಂದಿತ್ತಾ ಕೇಳಿ. ಇವತ್ತು ರಾತ್ರಿ ಲೈಟ್ ಆರಿಸಿ ಎರಡು ಗಂಟೆ ಆದ ಮೇಲೆ ಟಾರ್ಚ್ ಹಾಕಿ ಗಾಜು ನೋಡಿ. ಬಿಳಿ ಚುಕ್ಕಿಗಳು ಓಡಾಡುತ್ತಿವೆಯೋ ಇಲ್ಲವೋ ಹೇಳಿ.

ಬಾಗಲಗುಂಟೆ ಕ್ಲೌನ್: ಸರ್, ಬಿಳಿ ಚುಕ್ಕೆ ಅಂದ್ರೆ ಅದೂ ರೋಗಾನಾ?

ಮೈಸೂರು 120 ಲೀಟರ್: ರೋಗ ಏನೂ ಇರಲಿಲ್ಲವಂತೆ. ಗಾಜು ನೋಡಿದೆ. ಮೂರೇ ಪಾಡ್ ಕಂಡವು.

ಮೀನು ಡಾಕ್ಟರ್: ಹಾಗಾದರೆ ಬಾಕ್ಸಿನಿಂದ ಸದ್ಯಕ್ಕೆ ಬಿಡಬೇಡಿ. ನಾಳೆ ಬೆಳಿಗ್ಗೆ ಮೇಲಿನಿಂದ ಅದೇ ಕೋನದಲ್ಲಿ ಇನ್ನೊಂದು ಫೋಟೊ. ಫ್ಲ್ಯಾಶ್ ಬೇಡ.