ನಿವೃತ್ತ ಎಚ್‌ಎಂಟಿ ಅಧಿಕಾರಿಯ ನೆನಪಿಗೆ 16 ಪುಟದ ಪುಸ್ತಿಕೆ: ಎಲ್ಲಿಂದ ಶುರು ಮಾಡಬೇಕು?

ಮಲ್ಲಿಗೆಬಳ್ಳಿ:
ಬೆಂಗಳೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಿಂದ ಜನರಲ್ ಮ್ಯಾನೇಜರ್ ಆಗಿ ನಿವೃತ್ತರಾಗಿದ್ದ ದೊಡ್ಡಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಬಂದವರಿಗೆ ಪುಸ್ತಿಕೆ ಕೊಡಬೇಕು, ಉಳಿದಿರುವುದು 9 ದಿನ. ಹುದ್ದೆ, ಬಡ್ತಿಯ ಕಾಗದವೆಲ್ಲ ಇದೆ. ಬರೆದರೆ ಬಯೋಡೇಟಾ ಥರ ಆಗ್ತಿದೆ. ಮನೆಯ ಯಜಮಾನನೂ ಅದರಲ್ಲಿ ಕಾಣಬೇಕು.

ಹಳೇಗಡಿಯಾರ:
ಹುದ್ದೆಗಳ ಪಟ್ಟಿಯನ್ನು ಕೊನೇ ಪುಟಕ್ಕೆ ಹಾಕಿ, ಸಣ್ಣಕ್ಷರದಲ್ಲಿ. ಮುಂದಿನ ಪುಟಗಳಲ್ಲಿ ಅವರು ಮಾಡುತ್ತಿದ್ದ ಕೆಲಸ ಬರಲಿ. 'ಉತ್ಪಾದನಾ ವಿಭಾಗದ ಮುಖ್ಯಸ್ಥರು' ಅಂದರೆ ಮೊಮ್ಮಕ್ಕಳಿಗೆ ಏನೂ ತಿಳಿಯಲ್ಲ. ಕಾರ್ಖಾನೆಯ ಯಾವ ಶಾಪು (ವಿಭಾಗ), ಕೈಕೆಳಗೆ ಎಷ್ಟು ಜನ, ಜನತಾ, ಪೈಲಟ್, ಕಾಂಚನ ಇವುಗಳಲ್ಲಿ ಯಾವ ವಾಚು ಅವರ ಕೈದಾಟಿ ಹೋಗುತ್ತಿತ್ತು, ಅದನ್ನು ಬರೆಯಿರಿ.

ಇಸವಿ ಜೋಪಾನ. ಕಂಪನಿ ಶುರುವಾದದ್ದು 1953ರಲ್ಲಿ, ಜಪಾನಿನ ಸಿಟಿಜನ್ ಸಹಯೋಗದ ವಾಚ್ ಕಾರ್ಖಾನೆ 1961ರಲ್ಲಿ. ಎರಡನ್ನೂ ಬೆರೆಸಿ 'ಕಾರ್ಖಾನೆ ಹುಟ್ಟಿದಾಗಿನಿಂದ ಇದ್ದರು' ಅಂತ ಬರೆದುಬಿಡುತ್ತಾರೆ. ನೇಮಕಾತಿ ಪತ್ರ ನೋಡಿ.

ಇನ್ನು ವಯಸ್ಸು. ಆ ತಲೆಮಾರಿನಲ್ಲಿ ಶಾಲೆ ದಾಖಲೆಯ ಹುಟ್ಟಿದ ದಿನಕ್ಕೂ ಜಾತಕದ್ದಕ್ಕೂ ವರ್ಷಗಟ್ಟಲೆ ವ್ಯತ್ಯಾಸ ಇರೋದು ಮಾಮೂಲು. ಕಂಪನಿ ನಿವೃತ್ತಿ ಮಾಡಿದ್ದು ದಾಖಲೆ ಲೆಕ್ಕದಲ್ಲಿ, ಮನೆಯಲ್ಲಿ ಹೇಳೋದು ಜಾತಕದ ವಯಸ್ಸು. 'ಇಷ್ಟನೇ ವಯಸ್ಸಿಗೆ ನಿವೃತ್ತರಾದರು' ಅನ್ನದೆ ಇಸವಿ ಮಾತ್ರ ಹಾಕಿ.

ತುಳಸಿಕಟ್ಟೆ:
'ಅವರು ಹೇಗಿದ್ದರು?' ಅಂತ ಕೇಳಿದರೆ ಎಲ್ಲರೂ 'ದೇವರಂಥ ಮನುಷ್ಯ' ಅಂತಾರೆ, ಮಾತು ಅಲ್ಲಿಗೇ ನಿಲ್ಲುತ್ತೆ. ದೊಡ್ಡಮ್ಮನ ಮುಂದೆ ಆಲ್ಬಮ್ ಇಟ್ಟು ಸಣ್ಣ ಸಣ್ಣದು ಕೇಳಿ: ಫ್ಯಾಕ್ಟರಿ ಬಸ್ಸಿಗೆ ಎಷ್ಟೊತ್ತಿಗೆ ಹೊರಡುತ್ತಿದ್ದರು, ಡಬ್ಬಿಗೆ ಏನು ಕಟ್ಟುತ್ತಿದ್ದಿರಿ, ಮಕ್ಕಳ ಮಾರ್ಕ್ಸ್ ಕಾರ್ಡಿಗೆ ಸಹಿ ಹಾಕುವಾಗ ಏನನ್ನುತ್ತಿದ್ದರು. ಒಮ್ಮೆಗೆ 20 ನಿಮಿಷ ಸಾಕು, ದಣಿಸಬೇಡಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರ ಆಡುಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಅಚ್ಚಿಗೆ ಹೋಗುವ ಮುಂಚೆ ಅವರಿಗೇ ಓದಿ ಹೇಳಿ.

ಸಹೋದ್ಯೋಗಿಗಳಲ್ಲಿ ದೊಡ್ಡ ಅಧಿಕಾರಿಗಳಿಗಿಂತ ಡ್ರೈವರ್, ಟೈಪಿಸ್ಟ್, ಅಪ್ರೆಂಟಿಸ್ ಆಗಿ ಬಂದವರನ್ನು ಹುಡುಕಿ. ಸಾಹೇಬರ ದಿನಚರಿ ಅವರಿಗೇ ಗೊತ್ತಿರುತ್ತೆ.

ಅಚ್ಚುಮೊಳೆ:
5ನೇ ದಿನಕ್ಕೆ ಬರಹ ಮುಗಿಸಿ, 2 ದಿನ ಪ್ರೂಫ್‌ಗೆ, ಉಳಿದ 2 ದಿನ ಪ್ರೆಸ್ಸಿಗೆ. ಎ5 ಅಳತೆಯ 16 ಪುಟಕ್ಕೆ ಎ4 ಹಾಳೆ 4 ಸಾಕು, ನಡುವೆ ಪಿನ್. ಪುಟಗಳು ನಾಲ್ಕರ ಲೆಕ್ಕದಲ್ಲೇ ಬರಬೇಕು, 17 ಆದರೆ 20ಕ್ಕೆ ಹೋಗುತ್ತೆ.

ಹಳೇ ಸಣ್ಣ ಫೋಟೊ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ. ವಾಟ್ಸಾಪ್‌ನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ, ಇಲ್ಲವಾದರೆ ಕುಗ್ಗಿ ಮಸುಕಾಗುತ್ತೆ. ಮೇಲ್ಮೈ ತರಿತರಿಯಾಗಿರುವ ಸ್ಟುಡಿಯೋ ಫೋಟೊ ಸ್ಕ್ಯಾನರ್‌ನಲ್ಲಿ ಚುಕ್ಕೆ ಚುಕ್ಕೆ ಬರುತ್ತೆ. ಅದನ್ನು ನೆರಳಿನ ಬೆಳಕಲ್ಲಿ ಕ್ಯಾಮೆರಾದಲ್ಲೇ ತೆಗೆಯಿರಿ.

ಎಲ್ಲಕ್ಕಿಂತ ಹೆಚ್ಚು ಕೈಕೊಡೋದು ಅಕ್ಷರ. ನೀವು ಯೂನಿಕೋಡ್‌ನಲ್ಲಿ ಕಳಿಸುತ್ತೀರಿ, ಪ್ರೆಸ್ಸಿನವರು ಪುಟ ಜೋಡಿಸುವ ಹಳೇ ಸಾಫ್ಟ್‌ವೇರ್ ಪೇಜ್‌ಮೇಕರ್‌ಗಾಗಿ 'ನುಡಿ' ಫಾಂಟಿಗೆ ಬದಲಾಯಿಸುತ್ತಾರೆ, ಅಲ್ಲಿ ಅರ್ಕಾವತ್ತು ಜಾಗ ತಪ್ಪುತ್ತೆ. ಸೂರ್ಯ, ಕಾರ್ಯ, ಮಾರ್ಚ್ ಇಂಥ ಪದಗಳ ಮೇಲೆ ಬೆರಳಿಟ್ಟು ನೋಡಿ. ಪ್ರೆಸ್ಸಿನಲ್ಲಿ ಪುಟ ಜೋಡಿಸೋದು ಇನ್‌ಡಿಸೈನ್ ಸಾಫ್ಟ್‌ವೇರಿನಲ್ಲಾದರೆ ಅದರಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಅನ್ನೋ ಆಯ್ಕೆ ಆರಿಸಲು ಹೇಳಿ, ಇಲ್ಲದಿದ್ದರೆ ಒತ್ತಕ್ಷರ ಒಡೆಯುತ್ತೆ.

ಮಲ್ಲಿಗೆಬಳ್ಳಿ:
ಪ್ರೂಫ್ ಫೋನಲ್ಲೇ ನೋಡಿದರೆ ಆಗಲ್ವಾ?

ಅಚ್ಚುಮೊಳೆ:
ಬೇಡ, ಕಾಗದದ ಮೇಲೆ ತೆಗೆಸಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಹೆಸರು ಮಾತ್ರ ನೋಡಲಿ. ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳ ಹೆಸರುಗಳನ್ನು ಆಯಾ ಮನೆಯವರ ಕೈಯಲ್ಲೇ ಬರೆಸಿಕೊಳ್ಳಿ. ಒಂದು ಮಗುವಿನ ಹೆಸರು ಬಿಟ್ಟುಹೋದರೂ ಆ ನೋವು ವರ್ಷಗಟ್ಟಲೆ ಉಳಿಯುತ್ತೆ. ಫೈಲ್ ಜೋಪಾನವಾಗಿಡಿ, ವರ್ಷಾಬ್ದಿಕದ ಹೊತ್ತಿಗೆ ನೆಂಟರ ಮನೆಗಳಿಂದ ಇನ್ನಷ್ಟು ಫೋಟೊ ಬರುತ್ತವೆ.